ಮನೆಮಂದಿಯನ್ನು ಯಾರ ಕೈಗೆ ಒಪ್ಪಿಸೋಣ?

ಅಕ್ಕಲಕೋಟ ತಾಲೂಕಿನ ಹಳ್ಳಿಯಲ್ಲಿ ಪ್ರಾಚೀನ ಚೀನಾದ ಮಾತೇಕೆ ಎಂದು ಯಾರಾದರೂ ಕೇಳಬಹುದು. ನಮ್ಮ ಜಿಲ್ಲೆ ಸೊಲ್ಲಾಪುರದ ಮಟ್ಟಿಗೆ ಚೀನಾ ಅಷ್ಟು ದೂರದ್ದಲ್ಲ. 1910ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟಣೀಸ 1938ರಲ್ಲಿ ಐವರು ಭಾರತೀಯ ವೈದ್ಯರ ತಂಡದಲ್ಲಿ ಚೀನಾಕ್ಕೆ ಹೋದರು. ಜಪಾನಿನ ದಾಳಿಯಲ್ಲಿ ಗಾಯಗೊಂಡವರ ಚಿಕಿತ್ಸೆ ಮಾಡುತ್ತಲೇ 1942ರ ಡಿಸೆಂಬರ್ 9ರಂದು, 32ನೆಯ ವಯಸ್ಸಿನಲ್ಲಿ, ಅಲ್ಲೇ ತೀರಿಕೊಂಡರು. ಇಂಥ ನಡೆಗೆ ಬೇಕಾದ ತರ್ಕವನ್ನು ಕ್ರಿ.ಪೂ. 5ನೆಯ ಶತಮಾನದಲ್ಲೇ ಕಟ್ಟಿದ ಚೀನೀ ಚಿಂತಕ ಮೋತ್ಸು. ಕನ್‌ಫ್ಯೂಷಿಯಸ್, ಲಾವೋತ್ಸು ನಮಗೆ ಪರಿಚಿತರು. ಮೋತ್ಸುವನ್ನು ಚೀನಾವೇ ಬಹುಕಾಲ ಬದಿಗಿಟ್ಟಿತ್ತು. ಗಡಿನಾಡಿನ ಭಾಷಾ ರಾಜಕಾರಣಕ್ಕೆ ಈ ಮೂವರಲ್ಲಿ ಹೆಚ್ಚು ಒದಗುವವನು ಅವನೇ ಎಂಬುದು ನನ್ನ ವಾದ.

ಅವನ ಮುಖ್ಯ ವಿಚಾರಕ್ಕೆ ಚೀನೀ ಭಾಷೆಯಲ್ಲಿ 'ಜಿಯಾನ್ ಐ' ಎನ್ನುತ್ತಾರೆ. ನಮ್ಮವರು, ಪರರು ಎಂಬ ಭೇದವಿಲ್ಲದ ಕಾಳಜಿ ಎಂದು ಅದರ ಅರ್ಥ. ಅದನ್ನು ಅವನು ಬೋಧನೆಯಾಗಿ ಹೇರುವುದಿಲ್ಲ, ಒಂದು ಪ್ರಶ್ನೆಯಾಗಿ ಮುಂದಿಡುತ್ತಾನೆ. ನೀವು ದೂರದೇಶಕ್ಕೆ ಹೊರಟಿದ್ದೀರಿ, ಮರಳಿ ಬರುವುದು ಖಾತ್ರಿಯಿಲ್ಲ. ತನ್ನವರನ್ನಷ್ಟೇ ನೋಡುವ ಒಬ್ಬ, ಎಲ್ಲರನ್ನೂ ಸಮನಾಗಿ ನೋಡುವ ಇನ್ನೊಬ್ಬ ಊರಲ್ಲಿದ್ದಾರೆ. ಹೆಂಡತಿ ಮಕ್ಕಳನ್ನು, ತಂದೆತಾಯಿಯನ್ನು ಯಾರ ಕೈಗೆ ಒಪ್ಪಿಸುತ್ತೀರಿ? ಬಾಯಲ್ಲಿ ಈ ತತ್ತ್ವವನ್ನು ಹಳಿಯುವವನೂ ಆ ಹೊತ್ತಿಗೆ ಎರಡನೆಯವನನ್ನೇ ಹುಡುಕಿಕೊಂಡು ಹೋಗುತ್ತಾನೆ ಎನ್ನುತ್ತಾನೆ ಮೋತ್ಸು. ಗಡಿಯಲ್ಲಿ ಇದು ಕಲ್ಪನೆಯ ಪ್ರಶ್ನೆಯಲ್ಲ. ಅಕ್ಕಲಕೋಟವನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿತು, ಮಹಾರಾಷ್ಟ್ರ ಒಪ್ಪಲಿಲ್ಲ. ಬೆಳಗಾವಿಗಾಗಿ ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಗೆರೆ ಎಲ್ಲಿಯೇ ಬೀಳಲಿ, ಕೆಲವು ಕನ್ನಡ ಮನೆಗಳು ಮರಾಠಿ ಸರಕಾರದ ಕೈಯಲ್ಲಿ, ಕೆಲವು ಮರಾಠಿ ಮನೆಗಳು ಕನ್ನಡ ಸರಕಾರದ ಕೈಯಲ್ಲಿ ಉಳಿಯುವುದು ತಪ್ಪದು. ಎರಡೂ ರಾಜ್ಯಗಳು ತಮ್ಮವರಲ್ಲಿ ಕೆಲವರನ್ನು ಪರಸ್ಪರ ಒಪ್ಪಿಸಿಕೊಂಡೇ ಇವೆ. ನಮ್ಮ ಕನ್ನಡ ಮಕ್ಕಳನ್ನು ಮಹಾರಾಷ್ಟ್ರ ಹೇಗೆ ನೋಡಬೇಕೆಂದು ಬಯಸುತ್ತೇವೋ ಕರ್ನಾಟಕದ ಮರಾಠಿ ಮಕ್ಕಳಿಗೂ ಅದೇ ಅಳತೆ ಸಲ್ಲಬೇಕು.

ಮೋತ್ಸುವನ್ನು ಕಟುವಾಗಿ ಎದುರಿಸಿದವನು ಕನ್‌ಫ್ಯೂಷಿಯಸ್ ಪಂಥದ ಚಿಂತಕ ಮೆನ್‌ಶಿಯಸ್. ಹೆತ್ತ ತಂದೆಯನ್ನೂ ದಾರಿಹೋಕನನ್ನೂ ಒಂದೇ ಎನ್ನುವವನಿಗೆ ತಂದೆಯೇ ಇಲ್ಲದಂತಾಯಿತು ಎಂದು ಅವನ ಆಕ್ಷೇಪ. ಇದು ತೂಕದ ಮಾತು. ತಾಯ್ನುಡಿಯ ಮೇಲಿನ ಅಕ್ಕರೆ ಎಲ್ಲ ಭಾಷೆಗಳ ಮೇಲೂ ಒಂದೇ ಸಮ ಹುಟ್ಟದು. ಆದರೆ ಮೋತ್ಸು ಕೇಳುವುದು ಕರುಳಿನ ಸಮಾನತೆಯನ್ನಲ್ಲ, ಕೆಲಸದ ಸಮಾನತೆಯನ್ನು. ಇದನ್ನು ತಿಳಿಯಲು ಚೀನಾಕ್ಕೆ ಹೋಗಬೇಕಿಲ್ಲ. 12ನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಕೆರೆ ಕಟ್ಟಿಸಿದ ಸಿದ್ಧರಾಮ ವಚನ ಬರೆದದ್ದು ಕನ್ನಡದಲ್ಲಿ. ಕೆರೆಯ ನೀರಿಗೆ ಮಾತ್ರ ಭಾಷೆಯಿರಲಿಲ್ಲ. ಕೆರೆ ತೋಡುವವನು ನೀರಿಗೆ ಬರುವ ಪ್ರತಿಯೊಬ್ಬನನ್ನೂ ಮಗನಂತೆ ಪ್ರೀತಿಸಬೇಕಾಗಿಲ್ಲ, ದಂಡೆಯಲ್ಲಿ ಯಾರನ್ನೂ ತಡೆಯದಿದ್ದರಾಯಿತು. ಮನೆಯೊಳಗೆ ಮೆನ್‌ಶಿಯಸ್ ಸರಿ. ತಾಲೂಕು ಕಚೇರಿಯಲ್ಲಿ ಮೋತ್ಸು ಬೇಕು.

ಮಾತು ಚೆಂದ, ನಡೆಸುವುದು ಆಗದು ಎಂಬ ಆಕ್ಷೇಪ ಮೋತ್ಸುವಿನ ಕಾಲದಲ್ಲೂ ಇತ್ತು. ಬಳಕೆಗೆ ಬಾರದ್ದಾದರೆ ನಾನೇ ಅದನ್ನು ಕೈಬಿಡುತ್ತೇನೆ ಎಂಬುದು ಅವನ ನಿಲುವು. ಬಳಕೆಯ ಪುರಾವೆ ನಮ್ಮೆದುರಿಗೇ ಇದೆ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ, ಪುಣೆಯ ಬಾಲಭಾರತಿ, ಎಂಟು ಭಾಷೆಗಳಲ್ಲಿ ಪಠ್ಯಪುಸ್ತಕ ಅಚ್ಚುಹಾಕುತ್ತದೆ, ಕನ್ನಡವೂ ಅದರಲ್ಲೊಂದು. ಕರ್ನಾಟಕವೂ ಮರಾಠಿ ಮಾಧ್ಯಮಕ್ಕೆ ಪುಸ್ತಕ ಕೊಡುತ್ತದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲ ಒದಗಿಸಬೇಕೆಂದು ಸಂವಿಧಾನಕ್ಕೆ 1956ರಲ್ಲಿ ಸೇರಿದ 350ಎ ವಿಧಿ ಹೇಳುತ್ತದೆ. ಅಂದರೆ ಭೇದವಿಲ್ಲದ ಕಾಳಜಿ ಈ ನಾಡಿನಲ್ಲಿ ಆಗಲೇ ಅರ್ಧ ದಾರಿ ನಡೆದಿದೆ. ಉಳಿದರ್ಧವೇ ಕಷ್ಟದ್ದು: ಆ ಪುಸ್ತಕ ಓದಿಸುವ ಶಿಕ್ಷಕ, ಓದಿದವನಿಗೆ ಮುಂದಿನ ತರಗತಿ, ಅವನ ಅಜ್ಜಿಗೆ ಅರ್ಥವಾಗುವ ಭಾಷೆಯಲ್ಲಿ ಪಂಚಾಯತಿಯ ನೋಟೀಸು.

ಆದರೂ ಮೋತ್ಸುವನ್ನು ಇಡಿಯಾಗಿ ಒಪ್ಪಲಾರೆ. ಮೇಲಿನವರು ಸರಿಯೆಂದದ್ದನ್ನೇ ಕೆಳಗಿನವರೆಲ್ಲ ಸರಿಯೆನ್ನಬೇಕು ಎಂಬ ಇನ್ನೊಂದು ಸಿದ್ಧಾಂತವೂ ಅವನದೇ. ಗಡಿನಾಡಿಗೆ ಅದು ವಿಷ. 2020ರಲ್ಲಿ ಚೀನಾದ ಒಳ ಮಂಗೋಲಿಯಾದಲ್ಲಿ ಕೆಲವು ವಿಷಯಗಳ ಪಾಠವನ್ನು ಮಂಗೋಲ್ ಭಾಷೆಯಿಂದ ಚೀನೀ ಭಾಷೆಗೆ ಬದಲಿಸಿದಾಗ ಪಾಲಕರು ಮಕ್ಕಳನ್ನು ಶಾಲೆಗೆ ಕಳಿಸದೆ ಪ್ರತಿಭಟಿಸಿದರು. ಮೇಲಿನ ಒಮ್ಮತ ಕೆಳಗಿನ ಮಗುವಿನ ನಾಲಗೆಗೆ ಹೇಗೆ ತಗಲುತ್ತದೆಂದು ಅಲ್ಲಿ ಕಂಡಿತು.

ಕೊನೆಗೆ ನಮ್ಮವರೇ ಎತ್ತುವ ಆಕ್ಷೇಪ: ಅವರು ಮೊದಲು ಮಾಡಲಿ, ಆಮೇಲೆ ನಾವು. ಇದಕ್ಕೆ ಮೋತ್ಸುವಿನ ನಡೆಯೇ ಉತ್ತರ. ದೊಡ್ಡ ರಾಜ್ಯ ಚು ಸಣ್ಣ ರಾಜ್ಯ ಸಾಂಗ್‌ನ ಮೇಲೆ ದಂಡೆತ್ತಲಿದೆ ಎಂದು ಕೇಳಿ ಅವನು ಹತ್ತು ಹಗಲು ಹತ್ತು ರಾತ್ರಿ ನಡೆದು ಹೋದನೆಂದು ಅವನ ಹೆಸರಿನ ಗ್ರಂಥ ಹೇಳುತ್ತದೆ. ನಡುಪಟ್ಟಿಯನ್ನೇ ಕೋಟೆಯೆಂದು ಹಾಸಿ, ಚುವಿನ ಯಂತ್ರಶಿಲ್ಪಿಯ ಒಂಬತ್ತು ದಾಳಿಗಳನ್ನು ಆಟದಲ್ಲೇ ಸೋಲಿಸಿ, ಯುದ್ಧ ನಿಲ್ಲಿಸಿದ. ಮರಳುವಾಗ ಸಾಂಗ್‌ನಲ್ಲೇ ಮಳೆ ಹಿಡಿಯಿತು. ಅವನಾರೆಂದು ಅರಿಯದ ಕಾವಲುಗಾರ ಬಾಗಿಲ ಮರೆಗೂ ಬಿಡಲಿಲ್ಲ. ಪ್ರತಿಫಲದ ಕರಾರು ಮಾಡಿಕೊಂಡು ಹೊರಟಿದ್ದರೆ ಅವನು ಮೊದಲ ದಿನವೇ ಹಿಂದಿರುಗುತ್ತಿದ್ದ. ಅಕ್ಕಲಕೋಟದ ಕನ್ನಡ ಶಾಲೆಗೆ ಶಿಕ್ಷಕರನ್ನು ಕೊಡಲು ಮುಂಬಯಿ, ಖಾನಾಪುರದ ಮರಾಠಿ ಶಾಲೆಗೆ ಕೊಡಲು ಬೆಂಗಳೂರು, ಒಂದರ ಮುಖ ಇನ್ನೊಂದು ನೋಡುತ್ತ ಕೂರಬೇಕಿಲ್ಲ. ಈ ಜೂನ್‌ನಲ್ಲೇ ಕೊಡಬಹುದು.