ಪಾಲು, ಹಾಲು, ಆಲು
(ವಿದ್ಯಾರ್ಥಿನಿಲಯದ ಸಭೆಯಲ್ಲಿ ಭಾಷಾಶಾಸ್ತ್ರ ಓದುವ ಗೆಳೆಯರೊಂದಿಗೆ ಆಡಿದ ಮಾತು)



ಭಾಷಾಶಾಸ್ತ್ರದ ಎಂ.ಎ.ಗೆ ಸೇರಿದ ನಮ್ಮ ಹುಡುಗರು ಮೊದಲನೇ ತಿಂಗಳಲ್ಲೇ ಬಾಯಿ ಮುಚ್ಚಿಕೊಂಡು ಕೂತುಬಿಡುತ್ತಾರೆ. ಬಾಯಿ ತೆರೆದರೆ 'ಆಲು' ಬರುತ್ತೆ, 'ಓಗ್ತೀನಿ' ಬರುತ್ತೆ. ಹಿಂದಿನ ಬೆಂಚಲ್ಲಿ ಯಾರೋ ಕಿಸಕ್ಕನೆ ನಗುತ್ತಾರೆ. ನಾಲಿಗೆಯ ಬಗ್ಗೆ ಓದಬೇಕಾದ ತರಗತಿಯಲ್ಲೇ ನಮ್ಮ ನಾಲಿಗೆ ಕಟ್ಟಿಹೋಗುತ್ತದೆ. ಇವತ್ತು ಮೊದಲು ಆ ನಾಲಿಗೆಯ ಮಾತಾಡೋಣ. ಆಮೇಲೆ ಈ ಓದಿಗೆ ಬೇಕಾದ ಪುಸ್ತಕ, ದುಡ್ಡು, ನೆರವು ಎಲ್ಲೆಲ್ಲಿ ಸಿಗುತ್ತದೆ ನೋಡೋಣ.

ಹಳಗನ್ನಡದವರು 'ಪಾಲ್' ಅಂದರು. ತಮಿಳರು ಇವತ್ತಿಗೂ ಹಾಗೇ ಅನ್ನುತ್ತಾರೆ. ಸುಮಾರು ಸಾವಿರ ವರ್ಷದ ಹಿಂದೆ ಪದದ ಮೊದಲಿನ ಪಕಾರ ಹಕಾರ ಆಗತೊಡಗಿತು. ಪೋಗು ಹೋಗು ಆಯ್ತು, ಪೂ ಹೂ ಆಯ್ತು, ಪಾಲ್ ಹಾಲು ಆಯ್ತು. ಆ ಹಕಾರವೂ ನಮ್ಮ ಕಡೆ ಎಷ್ಟೋ ಊರುಗಳಲ್ಲಿ ಬಿದ್ದುಹೋಯ್ತು. ಪಕಾರ ಹೋಗಿ ಹಕಾರ ಬಂದರೆ ಅದು ಭಾಷೆಯ ಬೆಳವಣಿಗೆ, ಹಕಾರ ಬಿದ್ದರೆ ಮಾತ್ರ ದಡ್ಡತನ. ಇದ್ಯಾವ ಶಾಸ್ತ್ರ ಸ್ವಾಮಿ? ಭಾಷಾಶಾಸ್ತ್ರವಂತೂ ಹಂಗನ್ನೋದಿಲ್ಲ. ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿರೋ ಮಾತು ನಮ್ಮದು, ಅಷ್ಟೇ. ನಗೋರಿಗೆ ಈ ಮೂರು ಪದ ಬೋರ್ಡಿನ ಮೇಲೆ ಬರೆದು ತೋರಿಸಿ.

ನಮ್ಮ ಮಾತನ್ನು ಬೇರೆಯವರು ಅಳೆದೂ ನೋಡಿದ್ದಾರೆ. ವಿಲಿಯಂ ಬ್ರೈಟ್ ಅನ್ನೋ ಅಮೆರಿಕದ ವಿದ್ವಾಂಸರು ಆಡುಗನ್ನಡದ ಮೇಲೆ ಬರೆದ ಪುಸ್ತಕ 1958ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಬಂತು. 1960ರ ಹೊತ್ತಿಗೆ ಅವರು ಬ್ರಾಹ್ಮಣರ ಕನ್ನಡ, ಬ್ರಾಹ್ಮಣೇತರರ ಕನ್ನಡ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಎರಡೂ ಬದಲಾಗಿವೆ, ಬದಲಾದ ರೀತಿ ಬೇರೆಬೇರೆ ಅಂದರು. ಒಳ್ಳೆಯ ಕೆಲಸ. ಆದರೆ 'ಬ್ರಾಹ್ಮಣೇತರ' ಅನ್ನೋ ಒಂದೇ ಗೋಣಿಚೀಲದಲ್ಲಿ ಎಷ್ಟು ಕೇರಿ, ಎಷ್ಟು ಹಟ್ಟಿ ತುಂಬಿಹೋಗಿವೆ! ತಮಟೆ ಹದ ಮಾಡುವವರ ಮಾತು, ಚಪ್ಪಲಿ ಹೊಲಿಯುವವರ ಮಾತು, ನಮ್ಮ ಅಜ್ಜಿಯರು ಸೋಬಾನೆಗೆ ಕೂತಾಗ ಬರುವ ಮಾತು, ಇದನ್ನೆಲ್ಲ ಬಿಡಿಸಿ ಬರೆದುಕೊಳ್ಳೋರು ಯಾರು? ಒಳಗಿನವರಾದ ನಮಗೆ ಅದು ಸುಲಭ. ಡಿಸರ್ಟೇಶನ್‌ಗೆ ವಿಷಯ ಸಿಗ್ತಿಲ್ಲ ಅಂತ ಯಾರೂ ಅಳಬೇಡಿ.

ಬಾಬಾಸಾಹೇಬರಿಗೆ ಹೈಸ್ಕೂಲಿನಲ್ಲಿ ಸಂಸ್ಕೃತ ತೆಗೆದುಕೊಳ್ಳಲು ಬಿಡಲಿಲ್ಲ, ಪರ್ಷಿಯನ್ ಓದಬೇಕಾಯಿತು. ಅಂಥವರು ಮುಂದೆ ಪಾಳಿ ಭಾಷೆಗೆ ವ್ಯಾಕರಣವನ್ನೂ ನಿಘಂಟನ್ನೂ ಸಿದ್ಧಮಾಡಿದರು. ಮಹಾರಾಷ್ಟ್ರ ಸರ್ಕಾರ ತಂದಿರುವ ಅವರ ಬರಹಗಳ 16ನೇ ಸಂಪುಟ ಅದೇ. ಸಂವಿಧಾನದ ಫೋಟೋ ಹಾಕಿಕೊಂಡ ನಾವು ಆ ಸಂಪುಟವನ್ನು ಬಿಡಿಸಿ ನೋಡೋದು ಕಮ್ಮಿ.

ಈಗ ಸಾಮಾನಿನ ವಿಷಯ. ಪುಸ್ತಕ ದುಬಾರಿ, ನಿಜ. ಆದರೆ ಬೇಕಾದ್ದು ಬಹಳಷ್ಟು ಪುಕ್ಕಟೆ ಇದೆ, ನಮಗೆ ಯಾರೂ ಹೇಳಿರೋದಿಲ್ಲ. ಬರೋ ಮತ್ತು ಎಮನೋ ಮಾಡಿದ ದ್ರಾವಿಡ ಭಾಷೆಗಳ ನಿಷ್ಪತ್ತಿ ನಿಘಂಟು 1961ರಲ್ಲಿ ಬಂತು, 1984ರಲ್ಲಿ ಎರಡನೇ ಆವೃತ್ತಿ ಬಂತು. ಷಿಕಾಗೋ ವಿಶ್ವವಿದ್ಯಾನಿಲಯದವರು ಅದನ್ನು ಇಂಟರ್ನೆಟ್ಟಿನಲ್ಲಿ ಇಟ್ಟಿದ್ದಾರೆ, ಕಾಸಿಲ್ಲದೆ ಹುಡುಕಬಹುದು. ನಿಮ್ಮ ಅವ್ವ ಆಡೋ ಒಂದು ಪದ ಹಾಕಿ ನೋಡಿ. ತಮಿಳು, ತುಳು, ತೆಲುಗು, ಗೊಂಡಿಯಲ್ಲಿ ಅದರ ಅಣ್ಣತಮ್ಮಂದಿರು ಸಾಲಾಗಿ ನಿಂತಿರುತ್ತಾರೆ. ಕಿಟ್ಟೆಲರ 1894ರ ನಿಘಂಟನ್ನು ಅದರ ಪಕ್ಕಕ್ಕೆ ಇಟ್ಟುಕೊಳ್ಳಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1969ರಿಂದ ಭಾರತೀಯ ಭಾಷಾ ಸಂಸ್ಥಾನ ಇದೆ. ಅದರ 'ಭಾರತವಾಣಿ'ಯಲ್ಲಿ ಎಷ್ಟೋ ಭಾಷೆಗಳ ನಿಘಂಟುಗಳು ಸಿಗುತ್ತವೆ. ಹಿಂದಿನವರ ಪಿಎಚ್.ಡಿ. ಪ್ರಬಂಧಗಳಿಗೆ 'ಶೋಧಗಂಗಾ' ನೋಡಿ.

ಧ್ವನಿ ಅಳೆಯೋಕೆ 'ಪ್ರಾಟ್' ಅನ್ನೋ ತಂತ್ರಾಂಶ ಇದೆ. ಆಮ್‌ಸ್ಟರ್‌ಡ್ಯಾಮಿನ ಇಬ್ಬರು ಮೇಷ್ಟ್ರುಗಳು ಮಾಡಿದ್ದು, ಬಿಟ್ಟಿ. ಹಳೇ ಕಂಪ್ಯೂಟರಿನಲ್ಲೂ ಓಡುತ್ತೆ. ಫೋನಿನಲ್ಲಿ ರೆಕಾರ್ಡ್ ಮಾಡಿದ ಮಾತನ್ನು ಅದರೊಳಗೆ ಹಾಕಿದರೆ 'ಹಾಲು', 'ಆಲು' ಎರಡರ ಅಲೆಯೂ ಕಣ್ಣಿಗೇ ಕಾಣುತ್ತದೆ. ಲ್ಯಾಬಿನ ಬೀಗ ತೆಗೆಯೋರು ಬರಲಿ ಅಂತ ಕಾಯಬೇಕಾಗಿಲ್ಲ. ಆದರೆ ಒಂದು ಮಾತು: ಅಜ್ಜಿಯನ್ನು ಕೇಳಿ, ಯಾತಕ್ಕೆ ಅಂತ ತಿಳಿಸಿ, ಆಮೇಲೆ ರೆಕಾರ್ಡ್ ಮಾಡಿ. ನಮ್ಮವರಿಂದ ಕೇಳದೆ ತಗೊಂಡು ಹೋದವರು ಈಗಾಗಲೇ ಬೇಕಾದಷ್ಟು ಜನ ಇದ್ದಾರೆ.

ಕನ್ನಡದಲ್ಲಿ ಈ ಶಾಸ್ತ್ರ ಬರೆಯೋಕಾಗಲ್ಲ ಅನ್ನೋರಿಗೆ ಡಿ.ಎನ್. ಶಂಕರ ಭಟ್ಟರ ಪುಸ್ತಕಗಳನ್ನು ತೋರಿಸಿ. 2023ರಲ್ಲಿ ತೀರಿಕೊಂಡರು. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಅಂತ ಪಟ್ಟು ಹಿಡಿದು, ಹಳ್ಳಿಯವನಿಗೂ ತಿಳಿಯೋ ಹಾಗೆ ಬರೆದವರು. ಮಹಾಪ್ರಾಣ ಬಿಟ್ಟು ಬರೆದದ್ದಕ್ಕೆ ಪಂಡಿತರು ಮುನಿಸಿಕೊಂಡರು. ನಮಗೆ ಅದೇನು ದೊಡ್ಡ ಆಘಾತವಲ್ಲ, ನಮ್ಮ ಮನೆಗಳಲ್ಲಿ ಮಹಾಪ್ರಾಣ ಎಂದೂ ಇರಲಿಲ್ಲ.

ದುಡ್ಡಿನ ಮಾತು. ಪರಿಶಿಷ್ಟ ಜಾತಿ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಿಂದ ಇರುವಂಥದ್ದು. ಯಾರ ಭಿಕ್ಷೆಯೂ ಅಲ್ಲ. ಅರ್ಜಿ ಹಾಕಿದ ರಸೀದಿ ಇಟ್ಟುಕೊಳ್ಳಿ, ಆಧಾರ್ ಜೋಡಣೆಯಾದ ಖಾತೆ ಸರಿ ಇದೆಯಾ ನೋಡಿಕೊಳ್ಳಿ. ತಡವಾದರೆ ಒಬ್ಬೊಬ್ಬರೇ ಗುಮಾಸ್ತರ ಕಿಟಕಿಗೆ ಹೋಗಬೇಡಿ, ನಾಕು ಜನ ಸೇರಿ ಬರೆದ ಅರ್ಜಿ ಹಿಡಿದು ವಿಶ್ವವಿದ್ಯಾನಿಲಯದ ಎಸ್ಸಿ-ಎಸ್ಟಿ ಘಟಕಕ್ಕೆ ಹೋಗಿ, ನಕಲಿನ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ. ಅಲ್ಲಿನ ಕುರ್ಚಿ ಖಾಲಿಯಿದ್ದರೆ ಕುಲಸಚಿವರಿಗೆ ಬರೆಯಿರಿ.

ಸಂಶೋಧನೆಗೆ ಜೆಆರ್‌ಎಫ್ ಬೇಕೆನ್ನುವವರಿಗೆ ನೆಟ್ ದಾಟಲೇಬೇಕಾದ ಹೊಳೆ. ಜೆಆರ್‌ಎಫ್ ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಪರಿಶಿಷ್ಟರಿಗೆ ಬೇರೆ ರಾಷ್ಟ್ರೀಯ ಫೆಲೋಶಿಪ್ಪೂ ಉಂಟು, 2005-06ರಲ್ಲಿ ರಾಜೀವ್ ಗಾಂಧಿ ಹೆಸರಲ್ಲಿ ಶುರುವಾದದ್ದು. ನೆಟ್‌ನಲ್ಲಿ 150 ಪ್ರಶ್ನೆ, ತಪ್ಪಿಗೆ ಅಂಕ ಕಳೆಯೋದಿಲ್ಲ, ಒಂದನ್ನೂ ಬಿಡದೆ ಗುರುತು ಹಾಕಿ. ಆದರೆ ಎಲ್ಲ ಭಾಷೆಗಳ ಬಗ್ಗೆ ಓದುವ ಈ ವಿಷಯದ ಪ್ರಶ್ನೆಪತ್ರಿಕೆ ಎರಡೇ ಭಾಷೆಯಲ್ಲಿ ಬರುತ್ತದೆ, ಇಂಗ್ಲಿಷು ಮತ್ತು ಹಿಂದಿ! ತರಗತಿಯಲ್ಲಿ 'ಧ್ವನಿಮಾ', 'ಆಕೃತಿಮಾ' ಅಂತ ಕಲಿತ ಹುಡುಗಿ ಪರೀಕ್ಷೆಯಲ್ಲಿ 'ಫೋನೀಮ್', 'ಮಾರ್ಫೀಮ್' ನೋಡಿ ಬೆಚ್ಚುತ್ತಾಳೆ. ಅವಳಿಗೆ ಗೊತ್ತಿಲ್ಲದ್ದು ವಿಷಯವಲ್ಲ, ಹೆಸರು. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಬರಲಿ ಅಂತ ನಾವು ಕೇಳಬೇಕು, ಬಿಡದೆ ಕೇಳಬೇಕು. ಅದು ಬರೋವರೆಗೆ ಅವಳ ವರ್ಷಗಳು ಸವೆಯಬಾರದಲ್ಲ.

ಅದಕ್ಕೇ ಈ ಭಾನುವಾರದಿಂದ ಊಟ ಮುಗಿದ ಮೇಲೆ ಓದುವ ಕೋಣೆಯಲ್ಲಿ ಸೇರೋಣ. ಒಂದು ಇನ್ನೂರು ಪುಟದ ನೋಟ್‌ಬುಕ್ಕು, ಎಡಗಡೆ ಕನ್ನಡ ಪದ, ಬಲಗಡೆ ಇಂಗ್ಲಿಷು, ಕೆಳಗೆ ನಮ್ಮ ಕೇರಿಯ ಮಾತಿನಿಂದಲೇ ಒಂದು ಉದಾಹರಣೆ. ಹಿರಿಯರು ಬಿಟ್ಟುಹೋದ ನೋಟ್ಸು ಟ್ರಂಕಿನಲ್ಲಿದೆ, ಧೂಳು ಹೊಡೆದು ತರುತ್ತೇವೆ. ಊರಿಗೆ ಹೋದವರು ತಲಾ ಹತ್ತು ಪದ ತನ್ನಿ. ಕಂಪ್ಯೂಟರ್ ಇರುವವರು ಪ್ರಾಟ್ ಹಾಕಿಕೊಂಡು ಬನ್ನಿ.