ತಲೆಯಲ್ಲೊಂದು ಗಂಟು: ಹಿಂಡೋಕೆ ಹೋಗ್ಬೇಡಿ

ಹೋದ ತಿಂಗಳು ಐವತ್ತು ದಾಟಿದ ಒಬ್ಬ ಅಮ್ಮ ಬಂದಿದ್ರು. ಬಾಚಣಿಗೆ ತಗುಲುತ್ತೆ ಅಂತ ನೆತ್ತಿಯ ಹಿಂದಿದ್ದ ಗಂಟು ತೋರಿಸಿದ್ರು. ನಾಲ್ಕು ವರ್ಷದಿಂದ ಇದೆಯಂತೆ. ‘ಕ್ಯಾನ್ಸರಾ ಡಾಕ್ಟ್ರೇ?’ ಅಂತ ಕೇಳೋಕೆ ಅಷ್ಟು ವರ್ಷ ಹಿಡಿದಿತ್ತು.

ಮುಟ್ಟಿ ನೋಡಿದೆ. ಅಡಿಕೆ ಗಾತ್ರ, ದುಂಡಗೆ, ಗಟ್ಟಿ, ಬೆರಳಿನಡಿ ಜಾರ್ತಿತ್ತು. ಮೇಲಿನ ಚರ್ಮ ಸರಿಯಾಗಿತ್ತು. ಮನೇಲಿ ಬೇರೆ ಯಾರಿಗಾದ್ರೂ ಇದೆಯಾ ಅಂದೆ. ‘ನಮ್ಮಮ್ಮನಿಗೆ ಎರಡಿತ್ತು.’ ಅರ್ಧ ಉತ್ತರ ಅಲ್ಲೇ ಸಿಕ್ತು. ಇದು ಪೈಲಾರ್ ಸಿಸ್ಟ್. ಎಷ್ಟೋ ಮನೆಗಳಲ್ಲಿ ವಂಶದಲ್ಲೇ ಬರುತ್ತೆ. ಜನ ಕೊಬ್ಬಿನ ಗಡ್ಡೆ ಅಂತಾರೆ, ಆದ್ರೆ ಒಳಗಿರೋದು ಕೆರಟಿನ್. ಕೂದಲು, ಉಗುರಿನಲ್ಲಿರುವ ಪ್ರೋಟೀನ್ ಅದು. ಕೂದಲ ಬುಡದ ಹೊರಪದರದಿಂದ ಹುಟ್ಟುವ ಚೀಲವಾದ್ದರಿಂದ ಇವುಗಳಲ್ಲಿ ಸುಮಾರು ಶೇ 90ರಷ್ಟು ತಲೆಯಲ್ಲೇ ಕಾಣಿಸಿಕೊಳ್ಳುತ್ತವೆ.

ಮಾತ್ರೆ, ಮುಲಾಮಿಗೆ ಇದು ಕರಗಲ್ಲ. ತೊಂದರೆ ಕೊಡದಿದ್ರೆ ಬಿಡಬಹುದು. ತೆಗೆಯೋದಾದ್ರೆ ಚೀಲದ ಸಮೇತ ತೆಗೀಬೇಕು. ನಾನು ಹೌಸ್ ಸರ್ಜನ್ ಆಗಿದ್ದಾಗ ಒಬ್ಬರ ಗಂಟನ್ನ ಕೀವು ಅಂದ್ಕೊಂಡು ಕೊಯ್ದು ಹಿಂಡಿ ಕಳಿಸಿದ್ದೆ. ಕೆಲವೇ ತಿಂಗಳಲ್ಲಿ ಅದೇ ಜಾಗದಲ್ಲಿ ಮತ್ತೆ ಬಂತು. ಚೀಲ ಒಳಗೇ ಉಳಿದಿತ್ತಲ್ಲ! ಎರಡನೇ ಸಲ ಸುತ್ತ ಗಾಯದ ಕಲೆ ಅಂಟಿಕೊಂಡು, ಸುಲಭದ ಕೆಲಸ ನನ್ನಿಂದಲೇ ಕಷ್ಟದ್ದಾಯ್ತು.

ಈ ಅಮ್ಮನಿಗೆ ಆ ಜಾಗ ಮಾತ್ರ ಮರಗಟ್ಟಿಸೋ ಇಂಜೆಕ್ಷನ್ ಕೊಟ್ಟೆ. ಅದು ಉರಿಯುತ್ತೆ, ಸುಳ್ಳು ಹೇಳಲ್ಲ. ತಲೆ ಬೋಳಿಸ್ಬೇಕಾ ಅನ್ನೋದೇ ಅವರ ದೊಡ್ಡ ಚಿಂತೆ. ಬೇಕಾಗಿಲ್ಲ, ಸುತ್ತಲ ಕೂದಲು ಸರಿಸಿದ್ರೆ ಸಾಕು. ಸಣ್ಣ ಗೀರು, ಗೋಲಿಯ ಹಾಗೆ ಇಡಿಯಾಗಿ ಹೊರಗೆ ಬಂತು. ನೆತ್ತಿಯಲ್ಲಿ ರಕ್ತನಾಳ ಜಾಸ್ತಿ, ಹಾಗಾಗಿ ಹೊಲಿಗೆ ಹಾಕಿ ಸ್ವಲ್ಪ ಹೊತ್ತು ಒತ್ತಿ ಹಿಡಿದ್ವಿ. ಗಂಟು ಲ್ಯಾಬ್‌ಗೆ ಹೋಯ್ತು.

ಎಲ್ಲ ಗಂಟೂ ಇಷ್ಟು ಸಾಧು ಅಲ್ಲ. ಬೇಗ ಬೇಗ ಬೆಳೆದ್ರೆ, ಹುಣ್ಣಾದ್ರೆ, ರಕ್ತ ಬಂದ್ರೆ, ಅಲುಗಾಡದೆ ಅಂಟಿಕೊಂಡಿದ್ರೆ ತಡ ಮಾಡ್ಬೇಡಿ. ಮಗುವಿನ ತಲೆಯ ನಡುಗೆರೆಯಲ್ಲಿ ಹುಟ್ಟಿನಿಂದ ಗಂಟಿದ್ರೆ ಸ್ಕ್ಯಾನ್ ಮಾಡದೆ ಯಾರೂ ಕತ್ತರಿ ಹಾಕಬಾರದು. ಕೆಲವು ಸಲ ಅದರ ಬೇರು ತಲೆಬುರುಡೆಯ ಒಳಗಿರುತ್ತೆ.

ಹೊಲಿಗೆ ಬಿಚ್ಚಿಸೋಕೆ ಬಂದಾಗ ರಿಪೋರ್ಟ್ ಸಿದ್ಧವಿತ್ತು. ಪೈಲಾರ್ ಸಿಸ್ಟೇ. ಆಯಮ್ಮ ಖುಷಿಯಲ್ಲಿ ಮಗಳನ್ನ ಮುಂದೆ ತಳ್ಳಿ, ‘ಇವಳದ್ದೂ ನೋಡಿ’ ಅಂದ್ರು. ಕಡಲೆಕಾಳಿನಷ್ಟು ಒಂದಿತ್ತು. ಸದ್ಯಕ್ಕೆ ಅದನ್ನ ಹಾಗೇ ಬಿಟ್ಟಿದೀವಿ.