ನಂಟಸ್ತಿಕೆಯೇ ಸಾಕ್ಷ್ಯವಾದಾಗ



ಮುಸ್ಲಿಮರ ಬಗೆಗಿನ ಪೂರ್ವಗ್ರಹ ದೇಶದ ಭದ್ರತೆಯನ್ನು ಕಾಯುತ್ತದೆಯೋ ಕೆಡಿಸುತ್ತದೆಯೋ ಎಂಬ ಪ್ರಶ್ನೆಯನ್ನು ಒಂದೇ ಒಂದು ಮೊಕದ್ದಮೆಯ ಮೂಲಕ ನೋಡೋಣ. ಮೂಡಿಗೆರೆಯ ಶಾಲಾ ಮಾಸ್ತರರ ಮಗ, ಬೆಂಗಳೂರಿನಲ್ಲಿ ಎಂಬಿಬಿಎಸ್ ಓದಿದ ಡಾ. ಮೊಹಮ್ಮದ್ ಹನೀಫ್ 2007ರಲ್ಲಿ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ಆಸ್ಪತ್ರೆಯಲ್ಲಿ ವೈದ್ಯರಾಗಿದ್ದರು.

ಆ ವರ್ಷ ಜೂನ್ 30ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಬೆಂಕಿ ಹೊತ್ತಿದ ಜೀಪು ನುಗ್ಗಿತು. ನುಗ್ಗಿಸಿದ ಕಫೀಲ್ ಅಹ್ಮದ್ ಬೆಂಗಳೂರಿನವನು, ಹನೀಫರಿಗೆ ದೂರದ ಸಂಬಂಧಿ. ಅದು ನಿಜವಾದ ದಾಳಿ. ಬಹಳ ಜನ ಸಾಯಬಹುದಾಗಿತ್ತು. ಅವನ ನಂಟರನ್ನು ಪೊಲೀಸರು ವಿಚಾರಿಸಿದ್ದರಲ್ಲಿ ಯಾವ ತಪ್ಪೂ ಇಲ್ಲ. ನನ್ನ ಪ್ರಶ್ನೆ ವಿಚಾರಣೆಯ ನಂತರದ್ದು.

ಹನೀಫ್ 2006ರಲ್ಲಿ ಇಂಗ್ಲೆಂಡ್ ಬಿಡುವಾಗ ತಮ್ಮ ಸಿಮ್ ಕಾರ್ಡನ್ನು ಕಫೀಲನ ತಮ್ಮ ಸಬೀಲನಿಗೆ ಕೊಟ್ಟಿದ್ದರು. ಅದರಲ್ಲಿ ಉಚಿತ ಕರೆಯ ನಿಮಿಷಗಳು ಉಳಿದಿದ್ದವು. ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಅವರನ್ನು ಹಿಡಿದಾಗ ಕೈಯಲ್ಲಿದ್ದದ್ದು ಬೆಂಗಳೂರಿಗೆ ಹೋಗುವ ಟಿಕೆಟ್, ವಾಪಸಿನದಲ್ಲ. ಹೆಂಡತಿ ಇಲ್ಲಿ ಬಾಣಂತಿ, ಮಗುವಿಗೆ ಇನ್ನೂ ಒಂದು ವಾರ. ಟಿಕೆಟ್ ಕೊಡಿಸಿದ್ದು ಮಾವ. ಹೊರಡುವ ಮೊದಲು ಆ ಸಿಮ್ ವಿಷಯ ತಿಳಿಸಲು ಬ್ರಿಟಿಷ್ ಪೊಲೀಸ್ ಅಧಿಕಾರಿಯೊಬ್ಬರಿಗೆ ಹನೀಫ್ ನಾಲ್ಕು ಸಲ ಫೋನ್ ಮಾಡಿದ್ದರು, ಯಾರೂ ಎತ್ತಲಿಲ್ಲ. ಓಡಿಹೋಗುವವನು ಪೊಲೀಸರಿಗೆ ಫೋನ್ ಮಾಡುತ್ತಾನೆಯೇ? ಈ ಪ್ರಶ್ನೆಗೆ ಸಿಗಬೇಕಾದ ತೂಕ ಸಿಗಲಿಲ್ಲ. ಬೇರೆ ಹೆಸರಿನವರಾಗಿದ್ದರೆ ಮಗುವಿನ ಮುಖ ನೋಡುವ ಅವಸರ ಎನಿಸುತ್ತಿದ್ದದ್ದು ಇವರ ಪಾಲಿಗೆ ಪರಾರಿಯ ಯತ್ನವಾಯಿತು.

ಅಲ್ಲಿನ ಕಾನೂನಿನಲ್ಲಿ ಪ್ರಶ್ನೆ ಕೇಳುವ ಗಂಟೆಗಳಿಗೆ ಮಾತ್ರ ಮಿತಿ ಇತ್ತು. ನಡುವಿನ ಬಿಡುವು ಲೆಕ್ಕಕ್ಕಿಲ್ಲ, ಆ ಬಿಡುವಿಗೆ ಗರಿಷ್ಠ ಮಿತಿಯೂ ಇರಲಿಲ್ಲ. ಹೀಗಾಗಿ ಆರೋಪವೇ ಇಲ್ಲದೆ ಹನ್ನೆರಡು ದಿನ ಕೂಡಿಟ್ಟರು. ಕೊನೆಗೆ ಆರೋಪ ಹೊರಿಸಿ, ಸಿಮ್ ಕಾರ್ಡ್ ಸಿಕ್ಕಿದ್ದು ಉರಿದ ಜೀಪಿನಲ್ಲಿ ಎಂದು ನ್ಯಾಯಾಲಯಕ್ಕೆ ಹೇಳಿದರು. ಅದು ಸುಳ್ಳು. ಸಿಮ್ ಇದ್ದದ್ದು ಗ್ಲಾಸ್ಗೋದಿಂದ ನೂರಾರು ಕಿಲೋಮೀಟರ್ ದೂರದ ಲಿವರ್‌ಪೂಲ್‌ನಲ್ಲಿ, ಸಬೀಲನ ಬಳಿ.

ಜುಲೈ 16ರಂದು ಮ್ಯಾಜಿಸ್ಟ್ರೇಟ್ ಜಾಮೀನು ಕೊಟ್ಟರು. ಕೆಲವೇ ಗಂಟೆಗಳಲ್ಲಿ ವಲಸೆ ಸಚಿವ ಕೆವಿನ್ ಆಂಡ್ರ್ಯೂಸ್ 'ನಡತೆ ಸರಿಯಿಲ್ಲ' ಎಂಬ ಆಧಾರದಲ್ಲಿ ವೀಸಾ ರದ್ದುಮಾಡಿದರು. ನಡತೆಯಲ್ಲಿ ಕಂಡ ದೋಷವೆಂದರೆ ಆ ನಂಟಸ್ತಿಕೆ. ಆಗಸ್ಟ್‌ನಲ್ಲಿ ಫೆಡರಲ್ ನ್ಯಾಯಾಲಯದ ನ್ಯಾಯಮೂರ್ತಿ ಸ್ಪೆಂಡರ್ ಆ ಆದೇಶವನ್ನು ತಳ್ಳಿಹಾಕಿದರು. 'ವಕೀಲನಾಗಿ ಆರೋಪಿಗಳೊಡನೆ ಒಡನಾಡಿದ ನಾನೂ ಈ ನಡತೆ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲವಲ್ಲ' ಎಂದು ವಿಚಾರಣೆಯ ವೇಳೆ ಅವರು ಸರ್ಕಾರದ ವಕೀಲರನ್ನೇ ಕೇಳಿದ್ದರು.

ಅಷ್ಟರಲ್ಲಿ ಜುಲೈ 27ರಂದೇ ಆರೋಪ ಬಿದ್ದುಹೋಗಿತ್ತು. ಅದನ್ನು ಬೀಳಿಸಿದವರು ಯಾರು ಎಂಬುದನ್ನು ದಯವಿಟ್ಟು ಗಮನಿಸಿ. ಪುರಾವೆ ಎಲ್ಲಿ ಎಂದು ಕೇಳಿದ ಮ್ಯಾಜಿಸ್ಟ್ರೇಟ್. ವಿಚಾರಣೆಯ 142 ಪುಟಗಳ ದಾಖಲೆಯನ್ನು ಪತ್ರಿಕೆಗೆ ಕೊಟ್ಟ ವಕೀಲ ಸ್ಟೀಫನ್ ಕೀಮ್. ಸಿಮ್ ಎಲ್ಲಿತ್ತೆಂದು ಹುಡುಕಿ ತೆಗೆದ ವರದಿಗಾರರು. ಭದ್ರತೆಗೆ ಅಡ್ಡಿ ಎಂದು ನಾವು ಗೊಣಗುವ ಇವೇ ಹಕ್ಕುಗಳು ಪೊಲೀಸರು ತಪ್ಪಿದ್ದ ಲೆಕ್ಕವನ್ನು ತಿದ್ದಿದವು. ಆ ತನಿಖೆಗೆ ಖರ್ಚಾದದ್ದು 80 ಲಕ್ಷ ಡಾಲರಿಗೂ ಹೆಚ್ಚು. ಹನೀಫರ ವಿರುದ್ಧ ತನ್ನ ಬಳಿ ಏನೂ ಇಲ್ಲ ಎಂದು ಅಲ್ಲಿನ ಗುಪ್ತಚರ ಸಂಸ್ಥೆಯೇ ಜುಲೈ ಮೊದಲ ವಾರಗಳಲ್ಲೇ ಸರ್ಕಾರಕ್ಕೆ ತಿಳಿಸಿತ್ತೆಂಬುದು ಮುಂದೆ ಈ ಪ್ರಕರಣದ ಬಗ್ಗೆ ನಡೆದ ಕ್ಲಾರ್ಕ್ ವಿಚಾರಣೆಯಿಂದ ಹೊರಬಿತ್ತು. ಒಬ್ಬ ನಿರಪರಾಧಿಯ ಬೆನ್ನು ಹತ್ತಿದ ಅಷ್ಟೂ ಅಧಿಕಾರಿಗಳು ಅಷ್ಟು ದಿನ ಇನ್ನಾರ ಬೆನ್ನು ಹತ್ತಬಹುದಾಗಿತ್ತು ಎಂದು ಯೋಚಿಸಿದಾಗ, ಪೂರ್ವಗ್ರಹದಿಂದ ದೇಶ ಸುರಕ್ಷಿತವಾಗುತ್ತದೆ ಎಂಬ ಮಾತನ್ನು ನಾನು ಒಪ್ಪಲಾರೆ.

ಕರ್ನಾಟಕ ಅವತ್ತು 'ನಮ್ಮ ಹುಡುಗ' ಎಂದು ಹನೀಫರ ಪರ ನಿಂತಿತು. ಆದರೆ 2012ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲೇ ಭಯೋತ್ಪಾದನೆಯ ಸಂಚಿನ ಮೊಕದ್ದಮೆಯಲ್ಲಿ ಒಬ್ಬ ಯುವ ಪತ್ರಕರ್ತನನ್ನೂ ಒಬ್ಬ ಯುವ ಸಂಶೋಧಕನನ್ನೂ ಬಂಧಿಸಿದಾಗ ನಮ್ಮ ಹಲವು ಮಾಧ್ಯಮಗಳು ಮರುದಿನವೇ ತೀರ್ಪು ಬರೆದವು. ಆ ಮೊಕದ್ದಮೆಯಲ್ಲಿ ಕೆಲವರು ಮುಂದೆ ತಪ್ಪೊಪ್ಪಿಕೊಂಡು ಶಿಕ್ಷೆ ಅನುಭವಿಸಿದರು, ಅದನ್ನೂ ಹೇಳಲೇಬೇಕು. ಈ ಇಬ್ಬರ ಮೇಲೆ ಮಾತ್ರ ರಾಷ್ಟ್ರೀಯ ತನಿಖಾ ಸಂಸ್ಥೆ (ಎನ್‌ಐಎ) ಆರೋಪಪಟ್ಟಿಯನ್ನೇ ಹಾಕಲಿಲ್ಲ. ಅಷ್ಟು ಗೊತ್ತಾಗಲು ಆರು ತಿಂಗಳು ಜೈಲಿನಲ್ಲಿ ಕಳೆಯಬೇಕಾಯಿತು, ಏಕೆಂದರೆ ಕಾನೂನುಬಾಹಿರ ಚಟುವಟಿಕೆ ತಡೆ (ಯುಎಪಿಎ) ಕಾನೂನು ಆರೋಪಪಟ್ಟಿಗೆ 180 ದಿನಗಳವರೆಗೆ ಅವಕಾಶ ಕೊಡುತ್ತದೆ.

ಆಸ್ಟ್ರೇಲಿಯಾ ಹನೀಫರಿಗೆ ಪರಿಹಾರ ಕೊಟ್ಟಿತು. 2010ರಲ್ಲಿ ಕಾನೂನು ತಿದ್ದಿ ಆ ಲೆಕ್ಕವಿಲ್ಲದ ಬಿಡುವಿಗೆ ಏಳು ದಿನದ ಮಿತಿ ಹಾಕಿತು. ನಮ್ಮ ಕಾನೂನು ಆಯೋಗವೂ 2018ರ ತನ್ನ 277ನೇ ವರದಿಯಲ್ಲಿ, ಅನ್ಯಾಯವಾಗಿ ಮೊಕದ್ದಮೆಗೆ ಸಿಲುಕಿದವರಿಗೆ ಪರಿಹಾರವನ್ನು ಕಾನೂನುಬದ್ಧ ಹಕ್ಕಾಗಿ ಕೊಡಬೇಕೆಂದು ಹೇಳಿದೆ. ಆ ವರದಿ ಇವತ್ತಿಗೂ ಎಲ್ಲರಿಗೂ ಓದಲು ಸಿಗುತ್ತದೆ. ಮುಂದಿನ ಸಲ ನಿಮ್ಮ ಸಂಸದರು ಊರಿಗೆ ಬಂದಾಗ ಅದು ಏನಾಯಿತೆಂದು ಕೇಳಿ.